ಅಂತರಜಾಲದ ಪಾಠ: ತುತ್ತು ಎಷ್ಟು ದೊಡ್ಡದಿರಬೇಕು?

ಒಂದು ತರಗತಿಗೆ ಮುಕ್ಕಾಲು ಗಂಟೆ ಅಥವಾ ಒಂದು ಗಂಟೆ ಎಂದು ಗೊತ್ತುಮಾಡಿದವರು ಯಾರು? ಮನೋವಿಜ್ಞಾನಿಗಳಂತೂ ಅಲ್ಲ. ಶಾಲೆಯ ವೇಳಾಪಟ್ಟಿ, ಕೊಠಡಿಗಳ ಸಂಖ್ಯೆ, ಅಧ್ಯಾಪಕರ ಲಭ್ಯತೆ ಇವೆಲ್ಲ ಸೇರಿ ಆ ಅವಧಿಯನ್ನು ನಿರ್ಧರಿಸಿವೆ. ಪಾಠಗಳು ದೂರಶಿಕ್ಷಣಕ್ಕೆ ಬಂದಾಗ ಈ ಅವಧಿಯೂ ಜೊತೆಯಲ್ಲೇ ಬಂತು. 2004ರಲ್ಲಿ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ಪಾಠಗಳು ಬಿತ್ತರಗೊಂಡವು. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಯೋಜನೆಯ ಮೊದಲ ವಿಡಿಯೊಗಳೂ ಹೆಚ್ಚುಕಡಿಮೆ ಒಂದೊಂದು ಗಂಟೆಯವು. ಉಪಗ್ರಹದ ನೇರ ಪಾಠವನ್ನು ನಡುವೆ ನಿಲ್ಲಿಸುವಂತಿಲ್ಲ. ಅಂತರಜಾಲದ ಪಾಠವನ್ನು ನಿಲ್ಲಿಸಬಹುದು, ಹಿಂದಕ್ಕೆ ಸರಿಸಬಹುದು, ನಾಳೆಗೆ ಇಟ್ಟುಕೊಳ್ಳಬಹುದು. ಈ ಅನುಕೂಲವಿದ್ದರೂ ನಾವು ಹಳೆಯ ಗಂಟೆಯನ್ನೇ ಹಿಡಿದುಕೊಂಡಿದ್ದೆವು.

ಚಿಕ್ಕ ಪಾಠಗಳ ಜನಪ್ರಿಯತೆಗೂ ಶಿಕ್ಷಣಶಾಸ್ತ್ರ ಮೊದಲ ಕಾರಣವಲ್ಲ. 2006ರಲ್ಲಿ ಯೂಟ್ಯೂಬ್ ಸಾಮಾನ್ಯ ಬಳಕೆದಾರರ ವಿಡಿಯೊಗಳಿಗೆ ಹತ್ತು ನಿಮಿಷಗಳ ಮಿತಿ ವಿಧಿಸಿತ್ತು. ಅದೇ ವರ್ಷ ಸಲ್ಮಾನ್ ಖಾನ್ ಎಂಬುವರು ತಮ್ಮ ಬಂಧುಗಳ ಮಕ್ಕಳಿಗಾಗಿ ಗಣಿತದ ಪಾಠಗಳನ್ನು ಅಲ್ಲಿ ಹಾಕತೊಡಗಿದರು. ಮಿತಿಗೆ ತಕ್ಕಂತೆ ಪಾಠಗಳೂ ಚಿಕ್ಕವಾದವು. ಮುಂದೆ ಅದೇ ಖಾನ್ ಅಕಾಡೆಮಿಯಾಗಿ ಬೆಳೆಯಿತು. ಗಣಕದ ಒಂದು ಕಟ್ಟುಪಾಡು ಪಾಠದ ರೂಪವನ್ನೇ ತಿದ್ದಿದ ಉದಾಹರಣೆಯಿದು!

ಇಂದು ನೀವು ಪಾಠದ ವಿಡಿಯೊ ಮಾಡಲು ಹೊರಟರೆ 'ಆರು ನಿಮಿಷ ಮೀರಬೇಡಿ' ಎಂಬ ಸಲಹೆ ಕಿವಿಗೆ ಬೀಳುತ್ತದೆ. ಈ ಆರರ ಮೂಲ 2014ರ ಒಂದು ಅಧ್ಯಯನ. ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ತಾಣದ ನಾಲ್ಕು ಕೋರ್ಸುಗಳ 862 ವಿಡಿಯೊಗಳನ್ನು ಜನ ಎಷ್ಟು ಹೊತ್ತು ನೋಡಿದರೆಂದು ಲೆಕ್ಕ ಹಾಕಿದರು. ಒಟ್ಟು 69 ಲಕ್ಷ ವೀಕ್ಷಣೆಗಳ ದಾಖಲೆ ಅವರ ಮುಂದಿತ್ತು. ವಿಡಿಯೊ ಎಷ್ಟೇ ಉದ್ದವಿರಲಿ, ವೀಕ್ಷಣೆಯ ಮಧ್ಯಾಂಕ ಆರು ನಿಮಿಷ ದಾಟಲಿಲ್ಲ. ಆದರೆ ಇದರಿಂದ ತಿಳಿಯುವುದು ಜನ ಎಷ್ಟು ಹೊತ್ತು ನೋಡಿದರು ಎಂಬುದಷ್ಟೆ, ಎಷ್ಟು ಕಲಿತರು ಎಂಬುದಲ್ಲ. ಅಷ್ಟೇ ಅಲ್ಲ, ಚಿಕ್ಕ ವಿಡಿಯೊ ಮಾಡುವವರು ಸಾಮಾನ್ಯವಾಗಿ ಹೆಚ್ಚು ಸಿದ್ಧತೆಯನ್ನೂ ಮಾಡಿರುತ್ತಾರೆ. ನೋಡುಗರನ್ನು ಹಿಡಿದಿಟ್ಟದ್ದು ಚಿಕ್ಕತನವೋ ಸಿದ್ಧತೆಯೋ ಹೇಳುವುದು ಕಷ್ಟ.

ಹಾಗಾದರೆ ಪಾಠವನ್ನು ತುಂಡರಿಸುವುದಕ್ಕೆ ನಿಜವಾದ ಆಧಾರ ಯಾವುದು? ಈ ಹನ್ನೆರಡು ಅಂಕಿಗಳನ್ನು ಒಮ್ಮೆ ಓದಿ, ಕಣ್ಣುಮುಚ್ಚಿ ಹೇಳಿ: 194719561973. ಬಿಡಿ ಅಂಕಿಗಳಾಗಿ ಓದಿದರೆ ತಡವರಿಸುತ್ತೀರಿ. ಈಗ ಹೀಗೆ ನೋಡಿ: 1947 ಸ್ವಾತಂತ್ರ್ಯ, 1956 ಏಕೀಕರಣ, 1973 ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು. ಹನ್ನೆರಡು ಇದ್ದದ್ದು ಮೂರಾಯಿತು. ತಕ್ಷಣದ ನೆನಪಿನಲ್ಲಿ ಸುಮಾರು ಏಳು ಘಟಕಗಳನ್ನು ಹಿಡಿಯಬಹುದೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಅದು ನಾಲ್ಕರ ಆಸುಪಾಸು ಎಂದು ನೆಲ್ಸನ್ ಕೋವನ್ 2001ರಲ್ಲಿ ತಿದ್ದಿದರು. ಸಂಖ್ಯೆ ಎಷ್ಟೇ ಇರಲಿ, ಘಟಕದ ಗಾತ್ರವು ಕಲಿಯುವವನಿಗೆ ಮೊದಲೇ ಏನು ಗೊತ್ತಿದೆ ಎಂಬುದನ್ನು ಅವಲಂಬಿಸಿದೆ. ಕರ್ನಾಟಕದ ಚರಿತ್ರೆ ತಿಳಿಯದವನಿಗೆ 1956 ಒಂದು ಘಟಕವಲ್ಲ, ನಾಲ್ಕು. ಹಾಗೆಯೇ 'ಓಮನ ನಿಯಮ' ಎಂಬುದು ಅಧ್ಯಾಪಕರಿಗೆ ಒಂದೇ ತುತ್ತು. ವಿದ್ಯಾರ್ಥಿಗೆ ಅದರಲ್ಲಿ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ, ಅನುಪಾತ, ಸ್ಥಿರ ತಾಪ ಎಂದು ಐದು ತುತ್ತುಗಳಿವೆ. ಪಾಠವನ್ನು ನಿಮಿಷಗಳಲ್ಲಿ ಅಳೆಯುವುದು ಊಟವನ್ನು ತಟ್ಟೆಯ ಅಗಲದಿಂದ ಅಳೆದಂತೆ.

2001ರಲ್ಲಿ ರಿಚರ್ಡ್ ಮೇಯರ್ ಮತ್ತು ಪಾಲ್ ಚಾಂಡ್ಲರ್ ಮಾಡಿದ ಪ್ರಯೋಗ ಇಲ್ಲಿ ಉಪಯುಕ್ತ. ಮಿಂಚು ಹೇಗೆ ಉಂಟಾಗುತ್ತದೆಂದು ವಿವರಿಸುವ, ಎರಡೂವರೆ ನಿಮಿಷಕ್ಕಿಂತ ಚಿಕ್ಕದಾದ ಒಂದು ಸಚಲ ಚಿತ್ರವನ್ನು ಅವರು 16 ತುಣುಕುಗಳಾಗಿ ಕತ್ತರಿಸಿದರು. ಕೆಲವರು ಇಡಿಯಾಗಿ ಎರಡು ಸಲ ನೋಡಿದರು. ಉಳಿದವರು ಒಂದೊಂದು ತುಣುಕು ಮುಗಿದ ಮೇಲೆ ಗುಂಡಿ ಒತ್ತಿ ಮುಂದಿನದಕ್ಕೆ ಹೋಗುತ್ತ ಎರಡು ಸಲ ನೋಡಿದರು. ತಿಳಿದದ್ದನ್ನು ಹೊಸ ಸಮಸ್ಯೆಗೆ ಅನ್ವಯಿಸುವ ಪರೀಕ್ಷೆಯಲ್ಲಿ ಎರಡನೆಯ ಗುಂಪು ಮುಂದಿತ್ತು. ಮೂಲ ಚಿತ್ರವೇ ಆರು ನಿಮಿಷಕ್ಕಿಂತ ಎಷ್ಟೋ ಚಿಕ್ಕದು ಎಂಬುದನ್ನು ಗಮನಿಸಿ. ಪ್ರಯೋಜನ ಬಂದದ್ದು ತನ್ನ ವೇಗದಲ್ಲಿ ನಿಂತು, ಅರಗಿಸಿಕೊಂಡು ಮುಂದೆ ಸಾಗುವ ಅವಕಾಶದಿಂದ.

ನಿಂತಾಗ ಏನು ಮಾಡಬೇಕು? 2013ರಲ್ಲಿ ಸ್ಪುನಾರ್, ಖಾನ್ ಮತ್ತು ಶ್ಯಾಕ್ಟರ್ ಸಂಖ್ಯಾಶಾಸ್ತ್ರದ 21 ನಿಮಿಷಗಳ ಒಂದು ವಿಡಿಯೊವನ್ನು ನಾಲ್ಕು ಭಾಗ ಮಾಡಿದರು. ಎಲ್ಲ ಗುಂಪುಗಳಿಗೂ ಅವೇ ನಾಲ್ಕು ಭಾಗಗಳು, ಅವೇ ಬಿಡುವುಗಳು. ಆದರೆ ಒಂದು ಗುಂಪಿಗೆ ಮಾತ್ರ ಪ್ರತಿ ಭಾಗದ ಕೊನೆಯಲ್ಲಿ ಕಲಿತದ್ದರ ಮೇಲೆ ಪ್ರಶ್ನೆಗಳಿದ್ದವು. ಮನಸ್ಸು ಅಲೆದಾಡಿದ್ದು ಈ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ. ಟಿಪ್ಪಣಿ ಬರೆದದ್ದು ಹೆಚ್ಚು, ಕೊನೆಯ ಭಾಗದಿಂದ ಕಲಿತದ್ದೂ ಹೆಚ್ಚು. ಬರಿದೇ ಕತ್ತರಿಸಿದ್ದರಿಂದ ಇಷ್ಟು ಲಾಭ ದೊರೆಯಲಿಲ್ಲ. ಉದ್ದದ ಉಪನ್ಯಾಸವನ್ನು ಹತ್ತು ಕಡತಗಳಾಗಿ ಕತ್ತರಿಸಿ 'ಕಿರುಪಾಠ' ಎಂದು ಹೆಸರಿಟ್ಟವರು ಇದನ್ನು ಓದುವುದು ಒಳ್ಳೆಯದು.

ಇನ್ನು ಮರಳಿ ನೋಡುವ ವಿಷಯ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆವನ್ನು ಅಳೆದು 1885ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಹನ್ನೆರಡು ಗುಚ್ಛಗಳ ಒಂದು ಸಾಲನ್ನು ಒಂದೇ ದಿನ 68 ಸಲ ಓದಿದರೆ ಸಿಗುವಷ್ಟು ಫಲ, ಮೂರು ದಿನಗಳಿಗೆ ಹಂಚಿ 38 ಸಲ ಓದಿದಾಗಲೂ ಸಿಕ್ಕಿತು. ಶ್ರಮ ಹೆಚ್ಚುಕಡಿಮೆ ಅರ್ಧ! ಕಿರುಪಾಠದ ದೊಡ್ಡ ಅನುಕೂಲ ಇದೇ ಎಂದು ನನ್ನ ಅಭಿಪ್ರಾಯ. ಒಂದು ಗಂಟೆಯ ವಿಡಿಯೊವನ್ನು ಯಾವ ವಿದ್ಯಾರ್ಥಿಯೂ ಮೂರು ದಿನ ಬಿಟ್ಟು ಮತ್ತೆ ನೋಡುವುದಿಲ್ಲ. ನಾಲ್ಕು ನಿಮಿಷದ್ದನ್ನು ನೋಡಿಯಾನು.

ಹತ್ತನೆಯ ತರಗತಿಯ ಒಂದು ವಿಷಯವನ್ನೇ ತೆಗೆದುಕೊಳ್ಳೋಣ: ರೋಧಕಗಳ ಸಮಾಂತರ ಜೋಡಣೆ. ಮೊದಲ ತುಣುಕಿನಲ್ಲಿ ಸೂತ್ರ ಬೇಡ. ಮನೆಯ ಒಂದು ಬಲ್ಬು ಸುಟ್ಟುಹೋದರೂ ಉಳಿದವು ಏಕೆ ಉರಿಯುತ್ತವೆ ಎಂದು ಕೇಳಿ, ಎಲ್ಲಕ್ಕೂ ಒಂದೇ ವಿಭವಾಂತರ ದೊರೆಯುವುದನ್ನು ಚಿತ್ರದಲ್ಲಿ ತೋರಿಸಿ, ನಿಲ್ಲಿಸಿ. ಎರಡನೆಯದರಲ್ಲಿ ಒಟ್ಟು ಪ್ರವಾಹವು ಕವಲುಗಳ ಪ್ರವಾಹಗಳ ಮೊತ್ತ ಎಂಬಲ್ಲಿಂದ ಹೊರಟು ರೋಧದ ಸೂತ್ರದವರೆಗೆ ಒಂದೇ ಉಸಿರಿನಲ್ಲಿ ಸಾಗಿ. ಬಳಿಕ ಪ್ರಶ್ನೆ: 6 ಓಮ್ ಮತ್ತು 3 ಓಮ್ ಸಮಾಂತರದಲ್ಲಿದ್ದರೆ ಒಟ್ಟು ರೋಧ ಎಷ್ಟು? ಸರಿಯುತ್ತರ 2 ಓಮ್. ತಪ್ಪು ಆಯ್ಕೆಗಳಾಗಿ 9, 4.5 ಮತ್ತು 0.5 ಕೊಡಿ. 9 ಎಂದವನು ಸರಣಿ ಜೋಡಣೆಯ ಸೂತ್ರ ಬಳಸಿದ್ದಾನೆ. 4.5 ಎಂದವನು ಸರಾಸರಿ ತೆಗೆದಿದ್ದಾನೆ. ಇವರಿಬ್ಬರನ್ನೂ ಮೊದಲ ತುಣುಕಿಗೆ ಕಳಿಸಬೇಕು. 0.5 ಎಂದವನಿಗೆ ಭೌತವಿಜ್ಞಾನ ಅರ್ಥವಾಗಿದೆ, ಕೊನೆಯಲ್ಲಿ ವ್ಯುತ್ಕ್ರಮ ತೆಗೆಯುವುದನ್ನಷ್ಟೇ ಮರೆತಿದ್ದಾನೆ. ಅವನಿಗೆ ಒಂದು ಸಾಲಿನ ಸೂಚನೆ ಸಾಕು, ವಿಡಿಯೊ ಬೇಡ. ಎರಡು ದಿನ ಬಿಟ್ಟು ಸರಣಿ ಮತ್ತು ಸಮಾಂತರ ಎರಡನ್ನೂ ಬೆರೆಸಿದ ಮೂರು ಲೆಕ್ಕಗಳನ್ನು ಕಳಿಸಿ. ಕಂಪ್ಯೂಟರ್ ಇಲ್ಲದ ತರಗತಿಯಲ್ಲೂ ಇದನ್ನು ಕರಿಹಲಗೆಯ ಮೇಲೆ ಮಾಡಬಹುದು.

ನಮ್ಮ ಹಳ್ಳಿಗಳ ಮಟ್ಟಿಗೆ ಇನ್ನೊಂದು ಲೆಕ್ಕವಿದೆ. ಸೆಕೆಂಡಿಗೆ 500 ಕಿಲೋಬಿಟ್ ವೇಗದಲ್ಲಿ ಹರಿಯುವ ಸಾಧಾರಣ ಗುಣಮಟ್ಟದ ವಿಡಿಯೊ ಆರು ನಿಮಿಷಕ್ಕೆ ಸುಮಾರು 22 ಮೆಗಾಬೈಟ್ ಬೇಡುತ್ತದೆ, ಒಂದು ಗಂಟೆಗೆ 225. ಮನೆಯ ಒಂದೇ ಮೊಬೈಲು ಸಂಜೆ ಅರ್ಧ ಗಂಟೆ ಮಾತ್ರ ಕೈಗೆ ಸಿಗುವ ಹುಡುಗಿಗೆ ಈ ವ್ಯತ್ಯಾಸ ದೊಡ್ಡದು. ಸಂಪರ್ಕ ಕಡಿದರೆ ಅವಳು ಕಳೆದುಕೊಳ್ಳುವುದು ಒಂದು ತುಣುಕನ್ನು, ಇಡೀ ಪಾಠವನ್ನಲ್ಲ.

ಎಲ್ಲವನ್ನೂ ಕತ್ತರಿಸಬಹುದೆ? ಇಲ್ಲ. ಎರಡರ ವರ್ಗಮೂಲ ಅಭಾಗಲಬ್ಧ ಎಂಬ ಸಾಧನೆಯನ್ನು ನೆನೆಯಿರಿ. ಮೊದಲು ಅದು ಭಾಗಲಬ್ಧ ಎಂದು ಊಹಿಸಿಕೊಳ್ಳುತ್ತೇವೆ, ಅಂಶ ಮತ್ತು ಛೇದಗಳಿಗೆ ಸಾಮಾನ್ಯ ಅಪವರ್ತನವಿಲ್ಲ ಎನ್ನುತ್ತೇವೆ, ಕೊನೆಗೆ ಎರಡೂ ಸಮಸಂಖ್ಯೆಗಳೆಂದು ಕಂಡು ವೈರುಧ್ಯ ಮುಟ್ಟುತ್ತೇವೆ. ನಡುವೆ ಕತ್ತರಿಸಿದರೆ ಮೊದಲಿನ ಊಹೆ ಮನಸ್ಸಿನಿಂದ ಜಾರಿ, ವೈರುಧ್ಯ ಯಾವುದಕ್ಕೆ ಎಂಬುದೇ ತಿಳಿಯುವುದಿಲ್ಲ. ಇಂಥ ಪಾಠಕ್ಕೆ ಹನ್ನೊಂದು ನಿಮಿಷ ಬೇಕಾದರೆ ಹನ್ನೊಂದನ್ನೇ ಕೊಡಿ. ಬೇಕಾದರೆ ಸಮಸಂಖ್ಯೆಯ ವರ್ಗ ಸಮ, ಬೆಸಸಂಖ್ಯೆಯ ವರ್ಗ ಬೆಸ ಎಂಬ ಸಿದ್ಧತೆಯನ್ನು ಹಿಂದಿನ ದಿನವೇ ಪ್ರತ್ಯೇಕ ತುಣುಕಾಗಿ ಮುಗಿಸಿಡಿ. ಸಾಧನೆ ನಡೆಯುವಾಗ ಆ ಊಹೆಯ ಸಾಲು ತೆರೆಯ ಮೂಲೆಯಲ್ಲಿ ಕೊನೆಯವರೆಗೂ ಅಳಿಸದೆ ಇರಲಿ.