ಎಮ್ಮೆಯ ಅಂಡಾಶಯದಲ್ಲಿ ಹಳದಿ ಯಾಕಿಲ್ಲ?

ಸ್ಟೀಲ್ ತಟ್ಟೆಯಲ್ಲಿ ಎರಡು ಅಂಡಾಶಯ. ಒಂದು ಹಸುವಿನದು, ಇನ್ನೊಂದು ಎಮ್ಮೆಯದು. ಮಲ್ಲೇಶ್ವರದ ಪಶುವೈದ್ಯ ಮಿತ್ರರು ಬ್ಲೇಡು ಹಿಡಿದು ಮೊದಲನೆಯದನ್ನು ಸೀಳಿದರು. ಒಳಗೆ ಅರಿಸಿನಕ್ಕೆ ಕುಂಕುಮ ತುಸು ಬೆರೆತಂಥ ಬಣ್ಣದ ಗಂಟು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ ಕಾರ್ಪಸ್ ಲ್ಯೂಟಿಯಮ್, ಅಂದರೆ ಹಳದಿ ಪಿಂಡ. ಎರಡನೆಯದನ್ನು ಸೀಳಿದರೆ ಹಳದಿಯ ಸುಳಿವೇ ಇಲ್ಲ. ಮಾಸಲು ಗುಲಾಬಿ, ಸ್ವಲ್ಪ ಬೂದು.

"ಕೆಟ್ಟುಹೋಗಿದೆಯಾ ಸಾರ್?" ಎಂದೆ.

"ಇಲ್ಲ ಸ್ವಾಮಿ, ಎಮ್ಮೇದು ಇರೋದೇ ಹೀಗೆ. ಅದರ ತುಪ್ಪ ನೋಡಿಲ್ವಾ ನೀವು?"

ನೋಡದೇ ಏನು! ಹಸುವಿನ ತುಪ್ಪ ಹಳದಿ, ಎಮ್ಮೆ ತುಪ್ಪ ಬಿಳುಪು ಎಂಬುದು ಗಾಂಧಿಬಜಾರಿನಲ್ಲಿ ಬೆಣ್ಣೆ ಕೊಳ್ಳುವ ಯಾರಿಗೂ ಗೊತ್ತು. ಹಸಿ ಹುಲ್ಲಿನ ಕ್ಯಾರೋಟಿನ್ ಹಸುವಿನ ಕೊಬ್ಬಿನಲ್ಲಿ ಹಾಗೆಯೇ ಉಳಿಯುತ್ತದೆ. ಎಮ್ಮೆ ಅದನ್ನು ವಿಟಮಿನ್ 'ಎ' ಮಾಡಿಬಿಡುತ್ತದೆ. ಹಾಲಿಗೆ ಬಣ್ಣ ಕೊಡುವ ಅದೇ ಕ್ಯಾರೋಟಿನ್ ಅಂಡಾಶಯದ ಗಂಟಿಗೂ ಬಣ್ಣ ಕೊಡುತ್ತದೆ ಎಂಬುದು ಮಾತ್ರ ನನಗೆ ಹೊಸದು. ಅಂದಿನಿಂದ ಕಂಡವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಮನೆಯಲ್ಲಿ ಊಟದ ಹೊತ್ತಿಗೆ ಹೇಳಬಾರದೆಂದು ತಾಕೀತಾಗಿದೆ. ಬಣ್ಣವಿಲ್ಲದಿದ್ದರೂ ಎಮ್ಮೆಯ ಗಂಟು ಗರ್ಭ ನಿಲ್ಲಿಸುವ ಪ್ರೊಜೆಸ್ಟರಾನ್ ತಯಾರಿಸುತ್ತದೆ. ಆದರೆ ಅದು ಚಿಕ್ಕದು, ಅಂಡಾಶಯದೊಳಗೆ ಹುದುಗಿರುವುದೇ ಹೆಚ್ಚು, ಕೈಹಾಕಿ ಪರೀಕ್ಷೆ ಮಾಡುವ ವೈದ್ಯರಿಗೆ ಸುಲಭವಾಗಿ ಸಿಗುವುದಿಲ್ಲ. ಬೆದೆಗೆ ಬಂದರೂ ಎಮ್ಮೆ ಹಸುವಿನಷ್ಟು ತೋರಿಸಿಕೊಳ್ಳುವುದಿಲ್ಲ. ಒಟ್ಟಿನಲ್ಲಿ ಗುಟ್ಟಿನ ಪ್ರಾಣಿ.

ಈ ಗಂಟಿನ ಸಾವು ಇನ್ನೂ ಸೋಜಿಗದ್ದು. ಹಸುವಿನ ಚಕ್ರ 21 ದಿನಗಳದ್ದು. ಗಬ್ಬ ನಿಲ್ಲದಿದ್ದರೆ 16-17ನೇ ದಿನದ ಹೊತ್ತಿಗೆ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಎಫ್-2 ಆಲ್ಫಾ ಎಂಬ ರಾಸಾಯನಿಕವನ್ನು ಕಳಿಸಿ ಗಂಟನ್ನು ಮುಗಿಸುತ್ತದೆ. ಬೆದೆ ಬರಿಸಲು ಪಶುವೈದ್ಯರು ಕೊಡುವ ಇಂಜೆಕ್ಷನ್ನೂ ಅದೇ.

ಮುಗಿಸುವುದು ಎಂದರೆ ಏನು? ಇದನ್ನು ಕೆದಕಿದವರು ದೂರದವರಲ್ಲ. ನಮ್ಮ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಮಲ್ಲೇಶ್ವರದ ಮಗ್ಗುಲಲ್ಲೇ ಇದೆ. ಅಲ್ಲಿ ಎನ್. ಆರ್. ಮೌದ್ಗಲ್ ಅವರು ಇಲಿಗಳಲ್ಲೂ ನಮ್ಮ ಮಾಮೂಲಿ ಕೋತಿಯಲ್ಲೂ ಪಿಟ್ಯುಟರಿ ಹಾರ್ಮೋನುಗಳನ್ನು ಪ್ರತಿಕಾಯ ಕೊಟ್ಟು ತಡೆದು, ಅಂಡಾಶಯಕ್ಕೆ ಯಾವ ಹಾರ್ಮೋನು ಯಾವಾಗ ಬೇಕೆಂದು ಹುಡುಕುವ ಪರಂಪರೆಯನ್ನೇ ಕಟ್ಟಿದರು. ಅದೇ ಸಂಸ್ಥೆಯ ಆರ್. ಮೇಧಾಮೂರ್ತಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಎಮ್ಮೆಯ ಈ ಗಂಟಿನದ್ದೇ. ತಾನಾಗಿ ಸಾಯುವಾಗ ಮತ್ತು ಪ್ರೊಸ್ಟಗ್ಲಾಂಡಿನ್ ಕೊಟ್ಟಾಗ ಅದರ ಕೋಶಗಳಲ್ಲಿ ಏನಾಗುತ್ತದೆಂದು ನೋಡಿದರು. ಕಂಡದ್ದು ಅಪೊಪ್ಟೋಸಿಸ್, ಅಂದರೆ ಕೋಶವೇ ಕ್ರಮಬದ್ಧವಾಗಿ ತನ್ನನ್ನು ಕಳಚಿಕೊಳ್ಳುವ ಸಾವು. ಅಂಥ ಸಾವಿನಲ್ಲಿ ಡಿಎನ್‌ಎ ಸುಮಾರು 180 ಅಕ್ಷರ ಮತ್ತು ಅದರ ಗುಣಿತಗಳ ಅಳತೆಯ ತುಂಡುಗಳಾಗಿ ಒಡೆಯುತ್ತದೆ; ಜೆಲ್ ಮೇಲೆ ಓಡಿಸಿದರೆ ಪಟ್ಟಿಗಳು ಏಣಿಯ ಮೆಟ್ಟಿಲಿನಂತೆ ಒಂದರ ಮೇಲೊಂದು ನಿಲ್ಲುತ್ತವೆ. ಈ ಸಾವಿನಲ್ಲಿ ಎಂಎಪಿ ಕೈನೇಸ್ ಎಂಬ ಕಿಣ್ವಗಳ ಕೈವಾಡವಿದೆ ಎಂಬುದು ಅಧ್ಯಯನದ ಮುಖ್ಯ ಮಾತು.

ಕೈನೇಸ್‌ಗಳ ಕೆಲಸ ಇಷ್ಟೇ: ಪ್ರೋಟೀನಿಗೆ ಒಂದು ಫಾಸ್ಫೇಟ್ ಅಂಟಿಸುವುದು. 1955ರಲ್ಲಿ ಕ್ರೆಬ್ಸ್ ಮತ್ತು ಫಿಶರ್ ಬಿಡಿಸಿದ, 1992ರಲ್ಲಿ ನೊಬೆಲ್ ತಂದುಕೊಟ್ಟ ವಿದ್ಯೆ ಇದು. ಅಪೊಪ್ಟೋಸಿಸ್‌ಗೆ ಹೆಸರಿಟ್ಟದ್ದು 1972ರಲ್ಲಿ. ಎರಡು ಬೇರೆ ಬೇರೆ ಕಥೆಗಳು ಕೂಡುವುದು 'ಬ್ಯಾಡ್' ಎಂಬ ಪ್ರೋಟೀನಿನಂಥ ಕಡೆ. ಫಾಸ್ಫೇಟ್ ಅಂಟಿರುವವರೆಗೆ ಬ್ಯಾಡ್ ನಿರುಪದ್ರವಿ. ಕಳಚಿತೋ, ಕೋಶವನ್ನು ಕಾಯುವ ಬಿಸಿಎಲ್ ಬಳಗದ ಪ್ರೋಟೀನುಗಳನ್ನು ಹಿಡಿದುಹಾಕುತ್ತದೆ. ಮೈಟೊಕಾಂಡ್ರಿಯಾ ಸೋರುತ್ತದೆ, ಕ್ಯಾಸ್ಪೇಸ್ ಎಂಬ ಕಿಣ್ವಗಳು ಎದ್ದು ಕೋಶವನ್ನು ಒಳಗಿನಿಂದಲೇ ಕತ್ತರಿಸುತ್ತವೆ. ಒಂದು ಫಾಸ್ಫೇಟ್, ಅಷ್ಟೇ! ಹಾಗೆಂದು ಫಾಸ್ಫೇಟ್ ಯಾವಾಗಲೂ ಜೀವದ ಕಡೆಗೇ ಎನ್ನುವಂತಿಲ್ಲ. ಎಂಎಪಿ ಬಳಗದ ಜೆಎನ್‌ಕೆಯಂಥವು ಫಾಸ್ಫೇಟ್ ಅಂಟಿದ ಮೇಲೇ ಚುರುಕಾಗಿ ಸಾವಿನ ಕಡೆಗೂ ತಳ್ಳಬಲ್ಲವು.

ಮನುಷ್ಯರ ಲೆಕ್ಕವೂ ಸಾವಿನದ್ದೇ. ಹೆಣ್ಣು ಭ್ರೂಣಕ್ಕೆ ಐದು ತಿಂಗಳಾಗುವ ಹೊತ್ತಿಗೆ ಅಂಡಾಶಯದಲ್ಲಿ 60-70 ಲಕ್ಷ ಅಂಡಾಣುಕೋಶ. ಹುಟ್ಟುವಾಗ 10-20 ಲಕ್ಷ. ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ. ಜೀವಮಾನದಲ್ಲಿ ಹೊರಬರುವುದು ಸುಮಾರು 400. ಉಳಿದವೆಲ್ಲ ಒಳಗೇ ಅಳಿಯುತ್ತವೆ: ಹುಟ್ಟುವ ಮೊದಲು ಬಹುಪಾಲು ಅಂಡಾಣುಕೋಶಗಳದೇ ಅಪೊಪ್ಟೋಸಿಸ್‌ನಿಂದ, ಬೆಳೆಯಲು ಹೊರಟ ಮೇಲೆ ಬಹುಪಾಲು ಅಂಡಾಣುವನ್ನು ಸುತ್ತುವರಿದ ಗ್ರಾನ್ಯುಲೋಸಾ ಕೋಶಗಳ ಅಪೊಪ್ಟೋಸಿಸ್‌ನಿಂದ. ಈ ದಾಸ್ತಾನನ್ನು ಹೆಚ್ಚಿಸುತ್ತೇವೆ ಎನ್ನುವ ಲೇಹ್ಯ, ಮಾತ್ರೆಗಳನ್ನು ನಾನಂತೂ ನಂಬುವುದಿಲ್ಲ.

ಇನ್ನೊಂದು ಭಯವೂ ನಮ್ಮ ಬಡಾವಣೆಗಳಲ್ಲಿ ಓಡಾಡುತ್ತಿದೆ. ಮಲ್ಲೇಶ್ವರದಿಂದ ಚಾಮರಾಜಪೇಟೆವರೆಗೆ ಐವಿಎಫ್ ಫಲಕಗಳಿಗೆ ಬರವಿಲ್ಲ. ಅಲ್ಲಿ ಕೊಡುವ ಹಾರ್ಮೋನು ಇಂಜೆಕ್ಷನ್ ತೆಗೆದುಕೊಂಡರೆ ಅಂಡಾಣುಗಳು ಬೇಗ ಖರ್ಚಾಗಿ ಮುಟ್ಟು ಬೇಗ ನಿಲ್ಲುತ್ತದಂತೆ ಎಂದು ಎಷ್ಟೋ ಹೆಣ್ಣುಮಕ್ಕಳು ಹೆದರುತ್ತಾರೆ. ಲೆಕ್ಕ ಹಾಗಿಲ್ಲ. ಪ್ರತಿ ತಿಂಗಳೂ ಒಂದು ಗುಂಪು ಅಂಡಕೋಶಗಳು (ಅಂಡಾಣು ಮತ್ತು ಅದನ್ನು ಸುತ್ತಿದ ಕೋಶಗಳ ಚೀಲಗಳು) ಬೆಳೆಯಲು ಹೊರಟು, ಎಫ್‌ಎಸ್‌ಎಚ್ ಹಾರ್ಮೋನು ಇಳಿದಾಗ ಒಂದನ್ನುಳಿದು ಮಿಕ್ಕವು ಸಾಯುತ್ತವೆ. ಇಂಜೆಕ್ಷನ್‌ನಲ್ಲಿರುವುದು ಅದೇ ಎಫ್‌ಎಸ್‌ಎಚ್. ಅದು ಗ್ರಾನ್ಯುಲೋಸಾ ಕೋಶಗಳ ಕೈನೇಸ್‌ಗಳನ್ನು ಎಬ್ಬಿಸಿ, ಆ ತಿಂಗಳು ಹೇಗೂ ಸಾಯಲಿದ್ದವನ್ನು ಉಳಿಸುತ್ತದೆ. ಮುಂದಿನ ತಿಂಗಳುಗಳ ದಾಸ್ತಾನಿಗೆ ಅದು ಕೈ ಹಾಕುವುದಿಲ್ಲ.