ಒಂದು ಕೀಲಿಮಣೆ, ಇಬ್ಬರು ಯಜಮಾನರು

ಪುಣೆಯ ಮನೆಯಲ್ಲಿ ಕುಳಿತು ಬೆಂಗಳೂರಿನ ಕಚೇರಿಯ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದು ಈಗ ನಮ್ಮ ಅನೇಕ ಕುಟುಂಬಗಳಲ್ಲಿ ನಿತ್ಯದ ಮಾತಾಗಿದೆ. ದೂರದ ಯಂತ್ರದ ಪರದೆಯನ್ನು ನಮ್ಮೆದುರಿಗೆ ತಂದಿರಿಸುವ ಈ ಏರ್ಪಾಟಿಗೆ ರಿಮೋಟ್ ಡೆಸ್ಕ್‌ಟಾಪ್ ಎಂದು ಹೆಸರು. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತೊಡಕು ಬರುವುದು ಬೆರಳಿಗೆ.

ಕಾರಣವೇನೆಂದರೆ, ನಾವು ಒತ್ತಿದ ಕೀಲಿ ಮೊದಲು ಸೇರುವುದು ಹತ್ತಿರದ ಯಂತ್ರವನ್ನು. ತನಗೆ ಸಲ್ಲತಕ್ಕದ್ದನ್ನು ಅದು ತಾನೇ ಇರಿಸಿಕೊಂಡು, ಉಳಿದುದನ್ನಷ್ಟೇ ದೂರಕ್ಕೆ ಕಳುಹಿಸುತ್ತದೆ.

ಕಂಟ್ರೋಲ್-ಆಲ್ಟ್-ಡಿಲೀಟನ್ನೇ ನೋಡಿ. 1981ರ ಐಬಿಎಂ ಪಿ.ಸಿ.ಗಾಗಿ ಡೇವಿಡ್ ಬ್ರ್ಯಾಡ್ಲಿ ಎಂಬ ಎಂಜಿನಿಯರರು, ಯಂತ್ರವನ್ನು ಮತ್ತೆ ಪ್ರಾರಂಭಿಸಲೆಂದು ಇದನ್ನು ರಚಿಸಿದರು. ಇಂದಿನ ವಿಂಡೋಸ್‌ನಲ್ಲಿ ಪಾಸ್‌ವರ್ಡ್ ಬದಲಿಸುವುದೇ ಮೊದಲಾದ ಕೆಲಸಗಳಿಗೆ ಇದು ಬೇಕು. ಆದರೆ ಇದನ್ನು ಒತ್ತಿದರೆ ಓಗೊಡುವುದು ಮನೆಯ ವಿಂಡೋಸ್; ಕಚೇರಿಯದಲ್ಲ. ಅಲ್ಲಿಗೆ ಮುಟ್ಟಿಸಲು ಡಿಲೀಟಿಗೆ ಬದಲಾಗಿ ಎಂಡ್ ಕೀಲಿಯನ್ನು ಒತ್ತಬೇಕು.

ಆಲ್ಟ್-ಟ್ಯಾಬಿನ ಕಥೆ ಬೇರೆ. ದೂರದ ಪರದೆ ಸಣ್ಣ ಕಿಟಕಿಯಲ್ಲಿದ್ದರೆ ಅದು ಇಲ್ಲಿಯೇ ಉಳಿಯುತ್ತದೆ; ಪರದೆಯನ್ನೆಲ್ಲ ತುಂಬಿದ್ದರೆ ಅಲ್ಲಿಗೆ ಹೋಗುತ್ತದೆ. ಇದು ಸಾಮಾನ್ಯ ಏರ್ಪಾಡು. ಸಂಪರ್ಕ ಬೆಳೆಸುವ ಮುನ್ನ 'ಲೋಕಲ್ ರಿಸೋರ್ಸಸ್' ಎಂಬ ಪುಟದಲ್ಲಿ ಇದನ್ನು ನಮಗೆ ಬೇಕಾದಂತೆ ಬದಲಾಯಿಸಿಕೊಳ್ಳಬಹುದು.

ಎರಡು ಯಂತ್ರಗಳ ಜಾತಿಯೇ ಬೇರೆಯಾದರೆ ಇನ್ನೂ ಎಚ್ಚರ ಬೇಕು. ನಕಲು ಮಾಡಲು ಮ್ಯಾಕ್‌ನಲ್ಲಿ ಕಮಾಂಡ್-ಸಿ, ವಿಂಡೋಸ್‌ನಲ್ಲಿ ಕಂಟ್ರೋಲ್-ಸಿ. ಲಿನಕ್ಸ್‌ನ ಟರ್ಮಿನಲ್ಲಿನಲ್ಲಾದರೋ ಕಂಟ್ರೋಲ್-ಸಿ ಎಂದರೆ ನಡೆಯುತ್ತಿರುವ ಕೆಲಸವನ್ನು ನಿಲ್ಲಿಸು ಎಂಬ ಆಜ್ಞೆ! ಒಂದು ಸಾಲನ್ನು ನಕಲು ಮಾಡಹೋಗಿ, ಗಂಟೆಗಟ್ಟಲೆ ನಡೆದಿದ್ದ ಲೆಕ್ಕವನ್ನು ಅರ್ಧದಲ್ಲೇ ಕೆಡಿಸಿಕೊಳ್ಳುವ ಅಪಾಯ ಇಲ್ಲಿದೆ. ಅಲ್ಲಿ ಸಾಮಾನ್ಯವಾಗಿ ಶಿಫ್ಟನ್ನೂ ಸೇರಿಸಿ ಒತ್ತಬೇಕು. ಬೆರಳಿನ ಅಭ್ಯಾಸಕ್ಕೆ ಈ ಭೇದ ತಿಳಿಯದು. ಹಲವು ವರ್ಷ ಪಳಗಿದ ಕೈಯೇ ಹೆಚ್ಚು ಎಡವುತ್ತದೆ.

ಆದುದರಿಂದ, ಹೊಸ ಸಂಪರ್ಕ ದೊರೆತ ದಿನ ಮೊದಲು ಒಂದು ಖಾಲಿ ಕಡತದಲ್ಲಿ ನಿತ್ಯ ಬಳಸುವ ಐದಾರು ಕೀಲಿಗಳನ್ನು ಒತ್ತಿ ನೋಡುವುದು ಒಳ್ಳೆಯದು. ಯಾವುದು ಇಲ್ಲಿ ನಿಂತಿತು, ಯಾವುದು ಅಲ್ಲಿಗೆ ಮುಟ್ಟಿತು ಎಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕದಲ್ಲಿ ಅಂಟಿಸಿಡಿ. ಅನುಮಾನ ಬಂದಾಗ ಮೌಸನ್ನು ಹಿಡಿದು ಮೆನುವಿನಿಂದಲೇ ಕೆಲಸ ಮುಗಿಸಿ. ಕ್ಷಣಕಾಲ ತಡವಾದೀತು, ದಿನದ ದುಡಿಮೆಯಂತೂ ಉಳಿಯುತ್ತದೆ.