ಹಿಟ್ಟಿನ ಕಣಜಕ್ಕೆ ಗವಾಕ್ಷಿ ಎಷ್ಟು ದೊಡ್ಡದಿರಬೇಕು?

ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ, ಉರಿಯುವ ಒಲೆಯ ಬಳಿ ಮೈದಾ ಜರಡಿ ಹಿಡಿದ ಹುಡುಗರನ್ನು ನಾವು ಗದರಿದ್ದುಂಟು. ಹಿಟ್ಟು ಹಾಳಾದೀತೆಂಬ ಚಿಂತೆಯಷ್ಟೇ ಆಗ ನಮಗಿತ್ತು. ನಿಜವಾದ ಅಪಾಯವನ್ನು ಅರಿತಿರಲಿಲ್ಲ. ಮೂಟೆಯಲ್ಲಿರುವ ಹಿಟ್ಟು ಸಾಧು. ಅದೇ ಹಿಟ್ಟು ಧೂಳಾಗಿ ಗಾಳಿಯಲ್ಲಿ ದಟ್ಟವಾಗಿ ಹರಡಿದಾಗ ಕಿಡಿ ತಗುಲಿದರೆ, ಕಣಕಣವೂ ಒಮ್ಮೆಲೇ ಉರಿದು ಮದ್ದಿನಂತೆ ಸಿಡಿಯುತ್ತದೆ.

1878ನೆಯ ಇಸವಿ ಮೇ 2ರಂದು ಅಮೆರಿಕದ ಮಿನಿಯಾಪೊಲಿಸ್ ನಗರದ ವಾಶ್‌ಬರ್ನ್ ಹಿಟ್ಟಿನ ಗಿರಣಿಯು ಹೀಗೆಯೇ ಸಿಡಿದು 18 ಮಂದಿ ಮಡಿದರು. 2008ರ ಫೆಬ್ರವರಿ 7ರಂದು ಅದೇ ದೇಶದ ಪೋರ್ಟ್ ವೆಂಟ್‌ವರ್ತ್ ಎಂಬಲ್ಲಿಯ ಸಕ್ಕರೆ ಕಾರ್ಖಾನೆಯಲ್ಲಿ 14 ಮಂದಿ ಬಲಿಯಾದರು. ಅಲ್ಲಿ ಕಣಜಗಳ ಕೆಳಗೆ ಸಕ್ಕರೆ ಸಾಗಿಸುವ ಬೆಲ್ಟಿಗೆ, ಕಸ ಬೀಳದಿರಲೆಂದು, ಉಕ್ಕಿನ ತಗಡುಗಳ ಹೊದಿಕೆ ಹಾಕಿದ್ದರು. ಆ ಹೊದಿಕೆಗೆ ಧೂಳು ಹೀರುವ ಏರ್ಪಾಡಾಗಲಿ, ಸ್ಫೋಟದ ಒತ್ತಡವನ್ನು ಹೊರಬಿಡುವ ಗವಾಕ್ಷಿಯಾಗಲಿ ಇರಲಿಲ್ಲ. ಶುಚಿಗೆಂದು ಮಾಡಿದ್ದೇ ಮೃತ್ಯುವಿಗೆ ಮನೆಯಾಯಿತು.

ಇಲ್ಲಿ ಗವಾಕ್ಷಿಯೆಂದರೆ ಕಣಜದ ಮೈಯಲ್ಲಿ ಬೇಕೆಂದೇ ಇಟ್ಟ ಬಲಹೀನವಾದ ಬಾಗಿಲು. ಮುಚ್ಚಿದ ಪಾತ್ರೆಯಲ್ಲಿ ಹಿಟ್ಟಿನ ಧೂಳು ಸಿಡಿದರೆ ಒತ್ತಡವು ವಾಯುಮಂಡಲದ ಒತ್ತಡದ ಏಳೆಂಟು ಪಟ್ಟಿಗೆ ಏರಬಲ್ಲದು. ತೆಳುತಗಡಿನ ಕಣಜವು ಅದನ್ನು ತಾಳಲಾರದು. ಗೋಡೆ ಸೀಳುವ ಮೊದಲೇ ಈ ಬಾಗಿಲು ತೆರೆದು ಜ್ವಾಲೆಗೆ ದಾರಿ ಕೊಡಬೇಕು.

ಅದರ ಅಳತೆಯನ್ನು ಕಣ್ಣಂದಾಜಿನಿಂದ ನಿರ್ಧರಿಸಲಾಗದು. ಪುಡಿಯ ಚುರುಕು, ಕಣಜದ ಗಾತ್ರ, ಕಣಜದ ಗಟ್ಟಿತನ, ಈ ಮೂರೂ ಮುಖ್ಯ. ಪುಡಿಯನ್ನು 20 ಲೀಟರಿನ ಉಕ್ಕಿನ ಗೋಳದಲ್ಲಿ ಸಿಡಿಸಿ, ಒತ್ತಡವೇರುವ ವೇಗವನ್ನು ಅಳೆಯುತ್ತಾರೆ. ಅಮೆರಿಕದ ಎನ್.ಎಫ್.ಪಿ.ಎ. 68 ಎಂಬ ನಿಯಮಾವಳಿಯ ಮೂಲಸೂತ್ರದಂತೆ, ಉಳಿದವು ಬದಲಾಗದಿದ್ದು ಆ ಚುರುಕು ಇಮ್ಮಡಿಸಿದರೆ ಗವಾಕ್ಷಿಯ ವಿಸ್ತೀರ್ಣವೂ ಇಮ್ಮಡಿಸಬೇಕು. ಕಣಜದ ಗಾತ್ರ ಎಂಟು ಪಟ್ಟಾದರೆ ವಿಸ್ತೀರ್ಣವು ಸುಮಾರು ಐದು ಪಟ್ಟಾಗಬೇಕು. ಕಣಜ ಗಟ್ಟಿಯಾದಷ್ಟೂ ಗವಾಕ್ಷಿ ಕಿರಿದಾಗಬಹುದು. ಆದುದರಿಂದ ಒಂದು ಪುಡಿಗೆಂದು ಕಟ್ಟಿದ ಕಣಜದಲ್ಲಿ ಅದಕ್ಕಿಂತ ನುಣುಪಾದ ಇನ್ನೊಂದನ್ನು ತುಂಬಿದರೆ ಹಳೆಯ ಲೆಕ್ಕ ಸುಳ್ಳಾಗಬಹುದು. ಗವಾಕ್ಷಿಯು ಬಯಲಿಗೆ ತೆರೆಯಬೇಕೇ ಹೊರತು ಜನರು ಓಡಾಡುವ ದಾರಿಗಲ್ಲ.

ಗಿರಣಿಯ ಕಚೇರಿಯಲ್ಲಿ ದುಡಿಯುವ ಗುಮಾಸ್ತ ಬಂಧುಗಳೇ, ಕಣಜದ ಸರಕು ಬದಲಾಯಿತೆಂಬ ಕಾಗದ ನಿಮ್ಮ ಮೇಜಿಗೆ ಬಂದಾಗ, "ಗವಾಕ್ಷಿಯ ಲೆಕ್ಕವನ್ನು ಹೊಸದಾಗಿ ಮಾಡಿದ್ದಾರೆಯೇ?" ಎಂದು ಒಂದು ಸಾಲು ಬರೆದು ಮೇಲಿನವರಿಗೆ ಕಳುಹಿಸಿರಿ. ಕೆಳಗೆ ಮೂಟೆ ಹೊರುವವರ ಪ್ರಾಣವು ಆ ಒಂದು ಸಾಲಿನಲ್ಲಿ ಉಳಿದೀತು.